ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್: ಯಾವ ತೊಂದರೆ ಯಾವಾಗ ಬರುತ್ತದೆ, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಮನೆಯಲ್ಲಿ ಒಬ್ಬರಿಗೆ ಕೀಮೋ ಶುರು ಅಂತ ಗೊತ್ತಾದ ಕೂಡಲೇ ಸುತ್ತಮುತ್ತಲಿನವರು ಒಂದೊಂದು ಕಥೆ ಹೇಳುತ್ತಾರೆ. ಒಬ್ಬರ ಅತ್ತಿಗೆ ಮೂರು ದಿನ ವಾಂತಿ ಮಾಡಿಕೊಂಡರಂತೆ. ಇನ್ನೊಬ್ಬರ ಚಿಕ್ಕಪ್ಪ ಮಾರನೇ ದಿನವೇ ಅಂಗಡಿ ಬಾಗಿಲು ತೆಗೆದರಂತೆ. ಎರಡೂ ನಿಜವೇ ಇರಬಹುದು. ಕೀಮೋ ಅಂದರೆ ಒಂದೇ ಔಷಧಿ ಅಲ್ವಲ್ಲ. ಹತ್ತಾರು ಔಷಧಿಗಳಿವೆ, ಒಂದೊಂದರ ಗುಣವೂ ಬೇರೆ, ಕೊಡುವ ಕಾಟವೂ ಬೇರೆ. ಪಕ್ಕದ ಮನೆಯವರ ಅನುಭವ ನಿಮ್ಮ ಮನೆಗೆ ಹೊಂದಬೇಕು ಅಂತೇನಿಲ್ಲ.

ಅದಕ್ಕೇ ಇಲ್ಲಿ ಒಂದೇ ಔಷಧಿಯನ್ನು ತೆಗೆದುಕೊಂಡಿದ್ದೇನೆ: ಪ್ಯಾಕ್ಲಿಟ್ಯಾಕ್ಸೆಲ್. ಸ್ತನ, ಅಂಡಾಶಯ, ಗರ್ಭಕಂಠ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಇದನ್ನು ತುಂಬಾ ಬಳಸುತ್ತಾರೆ. ಬೆಂಗಳೂರಿನ ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಅರ್ಧ ದಿನ ಕುಳಿತರೆ ಈ ಹೆಸರು ಕಿವಿಗೆ ಬೀಳುತ್ತದೆ. ಕಿದ್ವಾಯಿ ಆಸ್ಪತ್ರೆಗೆ ರಾಯಚೂರು, ಕಲಬುರಗಿ ಕಡೆಯಿಂದೆಲ್ಲ ಜನ ಬರುತ್ತಾರೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕೀಮೋ ಕೇಂದ್ರಗಳನ್ನು ಶುರು ಮಾಡಿತು. ಡೇ ಕೇರ್ ಅಂದರೆ ಬೆಳಗ್ಗೆ ಹೋಗಿ, ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆಗೆ ಬರುವುದು. ಮೂರು ವಾರಕ್ಕೊಮ್ಮೆ ಕೊಡುವ ಕೀಮೋದಲ್ಲಿ ಒಂದು ದಿನ ಆಸ್ಪತ್ರೆಯಲ್ಲಿ ಕಳೆಯುತ್ತದೆ. ಉಳಿದ 20 ದಿನ ಮನೆಯಲ್ಲಿ. ತೊಂದರೆಗಳಲ್ಲಿ ಹೆಚ್ಚಿನವು ಬರುವುದು ಆ 20 ದಿನಗಳಲ್ಲೇ, ಡಾಕ್ಟರು, ಸಿಸ್ಟರು ಯಾರೂ ಪಕ್ಕದಲ್ಲಿ ಇಲ್ಲದಾಗ. ಹಾಗಾಗಿ ಮನೆಯವರಿಗೂ ಇದು ಗೊತ್ತಿರಲೇಬೇಕು.

ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಡೋಸ್, ನಿಮ್ಮ ಮಾತ್ರೆಗಳ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಮರದ ತೊಗಟೆಯಿಂದ ಬಂದದ್ದು

1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಸಂಗ್ರಹಿಸಿದರು. ಗಿಡಮರಗಳಲ್ಲಿ ಕ್ಯಾನ್ಸರಿಗೆ ಔಷಧಿ ಸಿಗಬಹುದೇ ಎಂದು ಸಾವಿರಾರು ಸಸ್ಯಗಳನ್ನು ಪರೀಕ್ಷಿಸುತ್ತಿದ್ದ ಕಾಲ ಅದು. ಆ ತೊಗಟೆಯಿಂದ ಔಷಧಿಯನ್ನು ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮನ್‌ಸುಖ್ ವಾಣಿ. ವಾಣಿ ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ. ಇದು ಜೀವಕೋಶದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್. ರೋಗಿಗಳಿಗೆ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1992ರ ಕೊನೆಗೆ. ತೊಗಟೆಯಿಂದ ಡ್ರಿಪ್‌ವರೆಗೆ 30 ವರ್ಷ ಹಿಡಿಯಿತು. ಈಗ ಇದಕ್ಕಾಗಿ ಆ ಮರಗಳನ್ನು ಕಡಿಯಬೇಕಿಲ್ಲ, ಬೇರೆ ದಾರಿಗಳಿವೆ.

ದೇಹದೊಳಗೆ ಏನು ಮಾಡುತ್ತದೆ?

ಕಟ್ಟಡ ಕಟ್ಟುವಾಗ ಸುತ್ತಲೂ ಸರ್ವೆ ಮರದ ಸಾರುವೆ ಕಟ್ಟುವುದನ್ನು ನೋಡಿರುತ್ತೀರಿ. ಬೇಕಾದಲ್ಲಿ ಕಟ್ಟುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚಿ ಇನ್ನೊಂದು ಕಡೆ ಕಟ್ಟುತ್ತಾರೆ. ಬಿಚ್ಚಲು ಬಂದರೆ ಮಾತ್ರ ಅದರಿಂದ ಉಪಯೋಗ. ನಮ್ಮ ಜೀವಕೋಶಗಳ ಒಳಗೂ ಇಂಥ ಸಣ್ಣ ಕೊಳವೆಗಳಿವೆ. ಒಂದು ಕೋಶ ಎರಡಾಗುವಾಗ ಈ ಕೊಳವೆಗಳು ಬೆಳೆಯುತ್ತವೆ, ಬಿಚ್ಚಿಕೊಳ್ಳುತ್ತವೆ, ವರ್ಣತಂತುಗಳನ್ನು ಎರಡು ಪಾಲು ಮಾಡಿ ಆಚೆಗೊಂದು ಈಚೆಗೊಂದು ಎಳೆಯುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಬಂದು ಈ ಸಾರುವೆಯ ಗಂಟುಗಳನ್ನು ಬಿಗಿ ಮಾಡಿಬಿಡುತ್ತದೆ. ಬಿಚ್ಚಲು ಬರುವುದಿಲ್ಲ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತದೆ.

ಕ್ಯಾನ್ಸರ್ ಕೋಶಗಳು ಎಡೆಬಿಡದೆ ಎರಡಾಗುತ್ತಿರುತ್ತವೆ. ಅದಕ್ಕೇ ಪೆಟ್ಟು ಅವಕ್ಕೆ ಜಾಸ್ತಿ. ಆದರೆ ಬೇಗ ಬೇಗ ಬೆಳೆಯುವ ಒಳ್ಳೆಯ ಕೋಶಗಳೂ ನಮ್ಮಲ್ಲಿವೆ: ಕೂದಲಿನ ಬೇರು, ರಕ್ತ ತಯಾರಾಗುವ ಮೂಳೆ ಮಜ್ಜೆ, ಬಾಯಿಯ ಒಳಪದರ. ಔಷಧಿ ರಕ್ತದಲ್ಲಿ ಹರಿದು ಎಲ್ಲ ಕಡೆಗೂ ಹೋಗುತ್ತದೆ, ಇವಕ್ಕೂ ತಾಗುತ್ತದೆ. ಇನ್ನು ನರಗಳು. ಅವು ಎರಡಾಗುವುದಿಲ್ಲ. ಆದರೆ ಬೆನ್ನಿನ ಹತ್ತಿರದಿಂದ ಕಾಲ ಬೆರಳಿನ ತುದಿಯವರೆಗೆ ಪೋಷಣೆ ಸಾಗಿಸಲು ಅವು ಇದೇ ಕೊಳವೆಗಳನ್ನು ಬಳಸುತ್ತವೆ. ಅದಕ್ಕೇ ಈ ಔಷಧಿಯಿಂದ ಕೈಕಾಲು ಜೋಮು ಹಿಡಿಯುತ್ತದೆ. ಉದ್ದ ನರಗಳಿಗೆ ಮೊದಲು ತೊಂದರೆ, ಹಾಗಾಗಿ ಶುರುವಾಗುವುದು ಸಾಮಾನ್ಯವಾಗಿ ಕಾಲ್ಬೆರಳಿನಿಂದ.

ಎತ್ತರ, ತೂಕ ಯಾಕೆ ಕೇಳುತ್ತಾರೆ?

ಈ ಔಷಧಿಯ ಡೋಸ್ ಲೆಕ್ಕ ಹಾಕುವುದು ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ. 155 ಸೆಂ.ಮೀ. ಎತ್ತರ, 55 ಕೆ.ಜಿ. ತೂಕದ ಒಬ್ಬ ಮಹಿಳೆಗೆ ಅದು ಸುಮಾರು 1.54 ಚದರ ಮೀಟರ್. ಮೂರು ವಾರಕ್ಕೊಮ್ಮೆ ಕೊಡುವಾಗ ಚದರ ಮೀಟರಿಗೆ 175 ಮಿ.ಗ್ರಾಂ. ಎಂಬುದು ತುಂಬಾ ಬಳಕೆಯಲ್ಲಿರುವ ಲೆಕ್ಕ. ಗುಣಿಸಿದರೆ ಸುಮಾರು 270 ಮಿ.ಗ್ರಾಂ. ವಾರಕ್ಕೊಮ್ಮೆ ಕೊಡುವುದಾದರೆ ಚದರ ಮೀಟರಿಗೆ 80 ಮಿ.ಗ್ರಾಂ., ಅಂದರೆ ಅವರಿಗೆ ಸುಮಾರು 123 ಮಿ.ಗ್ರಾಂ. ಯಾವ ಕ್ಯಾನ್ಸರ್, ಜೊತೆಗೆ ಬೇರೆ ಯಾವ ಔಷಧಿ, ಲಿವರ್ ಹೇಗಿದೆ ಎಂಬುದರ ಮೇಲೆ ಇದು ಬದಲಾಗುತ್ತದೆ. ಔಷಧಿಯನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಲಿವರ್. ಅದು ಸೊರಗಿದ್ದರೆ ಔಷಧಿ ಹೆಚ್ಚು ಹೊತ್ತು ಒಳಗೇ ಉಳಿಯುತ್ತದೆ, ಡೋಸ್ ಇಳಿಸಬೇಕಾಗುತ್ತದೆ. ನಡುವೆ ತೂಕ ತುಂಬಾ ಇಳಿದಿದ್ದರೆ ಅದನ್ನೂ ಹೇಳಿ.

ಡ್ರಿಪ್ ಹಾಕುವ ದಿನ

ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕ ಮತ್ತು ಆಲ್ಕೋಹಾಲ್ ಬಳಸುತ್ತಾರೆ, ಹೆಚ್ಚು ಕಡಿಮೆ ಸಮಸಮ. ಆ ದಿನ ವಾರ್ಡಿನಲ್ಲಿ ನೀವು ನೋಡುವ ಅರ್ಧ ತಯಾರಿ ಈ ದ್ರಾವಕದ ಕಾರಣಕ್ಕೇ ನಡೆಯುವುದು.

ಇದು ಕೆಲವರಿಗೆ ಅಲರ್ಜಿ ಮಾಡುತ್ತದೆ. ಅದನ್ನು ತಡೆಯಲು ಕೀಮೋಗೆ ಮೊದಲು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಅವಿಲ್‌ನಂಥ ಅಲರ್ಜಿ ಇಂಜೆಕ್ಷನ್, ಹೊಟ್ಟೆಯ ಆಮ್ಲ ತಗ್ಗಿಸುವ ಒಂದು ಔಷಧಿ ಕೊಡುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು ಹಿಂದಿನ ರಾತ್ರಿ ಮತ್ತು ಅಂದು ಬೆಳಗಿನ ಜಾವ ಮನೆಯಲ್ಲೇ ತೆಗೆದುಕೊಳ್ಳಲು ಹೇಳುತ್ತಾರೆ. ಅದನ್ನು ಮರೆತರೆ ಸುಮ್ನೆ ಇರಬೇಡಿ, ಡ್ರಿಪ್ ಹಾಕುವ ಮೊದಲೇ ಸಿಸ್ಟರಿಗೆ ಹೇಳಿ. ಬೈದಾರು ಅಂತ ಮುಚ್ಚಿಡುವ ವಿಷಯ ಇದಲ್ಲ. ಶುಗರ್ ಇರುವವರಿಗೆ ಸ್ಟೀರಾಯ್ಡ್‌ನಿಂದ ಒಂದೆರಡು ದಿನ ಶುಗರ್ ಏರುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಪರೀಕ್ಷಿಸಿಕೊಳ್ಳುತ್ತಿರಬೇಕು. ಅಂದು ರಾತ್ರಿ ನಿದ್ದೆ ಬಾರದೆ ಕಣ್ಣು ಬಿಟ್ಟುಕೊಂಡೇ ಇರುವುದು, ಮುಖ ಕೆಂಪಗಾಗುವುದು ಹಲವರಿಗೆ ಇದರಿಂದಲೇ.

ಮಾಮೂಲಿ ಪ್ಲಾಸ್ಟಿಕ್ ಡ್ರಿಪ್ ಸೆಟ್ ಇದಕ್ಕೆ ಆಗುವುದಿಲ್ಲ. ಪಿವಿಸಿ ಕೊಳವೆಯ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕವನ್ನು ಈ ದ್ರಾವಕ ಎಳೆದುಕೊಂಡುಬಿಡುತ್ತದೆ. ಅದಕ್ಕೇ ಪಿವಿಸಿ ಇಲ್ಲದ ಸೆಟ್ ಬೇಕು, ಅದರಲ್ಲಿ 0.22 ಮೈಕ್ರಾನ್‌ನ ಸಣ್ಣ ಫಿಲ್ಟರ್ ಇರಬೇಕು. ಹೊರಗಿನ ಮೆಡಿಕಲ್ ಶಾಪಿನಿಂದ ಬೇರೆ ಸೆಟ್ ತನ್ನಿ ಅಂತ ಚೀಟಿ ಕೊಟ್ಟರೆ ಕಾರಣ ಇದು.

ಈಗ ಮುಖ್ಯ ವಿಷಯ. ಮೊದಲ ಮತ್ತು ಎರಡನೇ ಡೋಸಿನಲ್ಲಿ, ಡ್ರಿಪ್ ಶುರುವಾದ ಮೊದಲ ಹತ್ತು ನಿಮಿಷ ತುಂಬಾ ಎಚ್ಚರ ಬೇಕು. ತೀವ್ರ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಆಗಲೇ ಆಗುತ್ತದೆ. ಮುಖ ಬಿಸಿಯಾಗಿ ಕೆಂಪೇರುವುದು, ಎದೆ ಬಿಗಿಯುವುದು, ಉಸಿರು ಕಟ್ಟಿದಂತೆ ಆಗುವುದು, ಇದ್ದಕ್ಕಿದ್ದಂತೆ ಬೆನ್ನು ಅಥವಾ ಸೊಂಟ ನೋಯುವುದು, ಮೈ ತುರಿಸುವುದು, ತಲೆ ಸುತ್ತುವುದು. ಬೆನ್ನು ನೋವನ್ನು ಹಲವರು ಹಾಸಿಗೆಯ ದೋಷ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕೂಡಲೇ ಕರೆಯಿರಿ. ಸಿಸ್ಟರ್ ಡ್ರಿಪ್ ನಿಲ್ಲಿಸಿ ಔಷಧಿ ಕೊಡುತ್ತಾರೆ. ಅಲರ್ಜಿ ಸಣ್ಣದಾಗಿದ್ದರೆ ಸ್ವಲ್ಪ ಹೊತ್ತಿನ ನಂತರ ನಿಧಾನಕ್ಕೆ ಮತ್ತೆ ಶುರು ಮಾಡಲೂಬಹುದು. ತೀವ್ರವಾಗಿದ್ದರೆ ಈ ಔಷಧಿಯನ್ನು ಮತ್ತೆ ಕೊಡುವುದಿಲ್ಲ, ಬೇರೆ ದಾರಿ ನೋಡುತ್ತಾರೆ. ಜೊತೆಗೆ ಬಂದವರು ತಿಂಡಿ ತರಲು ಹೋಗುವುದಿದ್ದರೆ ಈ ಹತ್ತು ನಿಮಿಷ ಕಳೆಯಲಿ.

ಮೂರು ವಾರದ ಡೋಸ್ ಹನಿಯಲು ಸಾಮಾನ್ಯವಾಗಿ ಮೂರು ಗಂಟೆ, ವಾರದ ಡೋಸಿಗೆ ಒಂದು ಗಂಟೆ. ಬೇಗ ಮುಗಿಯಲಿ, ಬಸ್ಸಿಗೆ ಹೊತ್ತಾಯಿತು ಅಂತ ಡ್ರಿಪ್‌ನ ಗಾಲಿಯನ್ನು ಯಾರೂ ಮುಟ್ಟಬಾರದು. ಸೂಜಿ ಚುಚ್ಚಿದ ಜಾಗ ಉರಿದರೆ, ಊದಿಕೊಂಡರೆ, ಬಿಗಿ ಅನ್ನಿಸಿದರೆ ತಕ್ಷಣ ಹೇಳಿ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸಕ್ಕೆ ಹಾನಿ. ನಾಳ ಸಿಗುವುದೇ ಕಷ್ಟ ಇರುವವರಿಗೆ ಎದೆಯ ಚರ್ಮದ ಕೆಳಗೆ ಕೀಮೋ ಪೋರ್ಟ್, ಅಂದರೆ ದೊಡ್ಡ ರಕ್ತನಾಳಕ್ಕೆ ಔಷಧಿ ತಲುಪಿಸುವ ಒಂದು ಸಣ್ಣ ಸಾಧನ, ಕೂರಿಸುವುದು ಇದಕ್ಕಾಗಿಯೇ.

ಆಲ್ಕೋಹಾಲ್ ವಿಷಯವೂ ಸಣ್ಣದಲ್ಲ. ಮೇಲೆ ಹೇಳಿದ 270 ಮಿ.ಗ್ರಾಂ. ಡೋಸಿನಲ್ಲಿ ಸುಮಾರು 22 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಅವಿಲ್‌ನ ಮಂಪರು ಬೇರೆ. ಆ ದಿನ ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗುವ ಯೋಚನೆ ಬೇಡ.

ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಸಿದ, ಈ ದ್ರಾವಕ ಇಲ್ಲದ ಇನ್ನೊಂದು ಬಗೆಯ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಸಿಗುತ್ತದೆ. ಅದರ ಡೋಸ್ ಬೇರೆ. ಹೆಸರು ಒಂದೇ ಅಂತ ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿಲ್ಲ.

ಮೊದಲ ವಾರ: ಮೈಕೈ ನೋವು

ಅಂದು ಮತ್ತು ಮಾರನೇ ದಿನ ಹಲವರು ಆರಾಮಾಗಿಯೇ ಇರುತ್ತಾರೆ. ಸ್ಟೀರಾಯ್ಡ್‌ನ ಬಲ ಅದು. ಎರಡನೇ ಮೂರನೇ ದಿನಕ್ಕೆ ತೊಡೆ, ಮೊಣಕಾಲು, ಬೆನ್ನು ಹಿಂಡಿದಂತೆ ನೋಯಲು ಶುರುವಾಗಬಹುದು. ಕೆಲವರಿಗೆ ಎದ್ದು ಓಡಾಡುವುದೇ ಕಷ್ಟ. ಕ್ಯಾನ್ಸರ್ ಮೂಳೆಗೆ ಹಬ್ಬಿತೇನೋ ಎಂದು ಮನೆಯವರು ಗಾಬರಿಯಾಗುವುದು ಆಗಲೇ. ಇದು ಔಷಧಿಯಿಂದ ಬರುವ ನೋವು, ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ನೋವಿನ ಮಾತ್ರೆ ಯಾವುದು ಅಂತ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ, ಅಂಗಡಿಯಲ್ಲಿ ಕೇಳಿ ತಂದದ್ದು ಬೇಡ.

ವಾಂತಿ? ಪ್ಯಾಕ್ಲಿಟ್ಯಾಕ್ಸೆಲ್ ಒಂದನ್ನೇ ಕೊಟ್ಟರೆ ವಾಂತಿ ಕಡಿಮೆ. ಜೊತೆಗೆ ಕಾರ್ಬೋಪ್ಲಾಟಿನ್ ಅಥವಾ ಸಿಸ್ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಇದ್ದರೆ ಜಾಸ್ತಿ. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹೇಳಿದ ಹೊತ್ತಿಗೆ, ಬರುವ ಮೊದಲೇ ತೆಗೆದುಕೊಳ್ಳಬೇಕು.

ಬಾಯಿ ಹುಣ್ಣಾದರೆ ಮೆತ್ತನೆ ಬ್ರಶ್, ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು. ಖಾರದ ಸಾರು ಬಿಟ್ಟು ಮೊಸರನ್ನ, ತಣ್ಣಗಾದ ರಾಗಿ ಗಂಜಿ. ನೀರೂ ನುಂಗಲಾಗದಿದ್ದರೆ ಆಸ್ಪತ್ರೆಗೆ ಹೋಗಿ.

ಎರಡನೇ ವಾರ: ಜ್ವರ ಬಂದರೆ ಕಾಯಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಗೆಯದು ಬ್ಯಾಕ್ಟೀರಿಯಾಗಳ ವಿರುದ್ಧ ಮೊದಲು ಹೋರಾಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಮಜ್ಜೆಗೆ ತಾಗಿದ ಮೇಲೆ ಇವು ನಿಧಾನಕ್ಕೆ ಇಳಿಯುತ್ತವೆ. ವಾರ್ಡಿನಲ್ಲಿ 'ಕೌಂಟ್ ಬಿದ್ದಿದೆ' ಅನ್ನುವುದು ಇದಕ್ಕೇ. ಮೂರು ವಾರದ ಡೋಸಿನಲ್ಲಿ ಎಂಟರಿಂದ ಹನ್ನೊಂದನೇ ದಿನದ ಹೊತ್ತಿಗೆ ತೀರಾ ಕೆಳಗಿರುತ್ತವೆ, ಮೂರನೇ ವಾರಕ್ಕೆ ಮತ್ತೆ ಏರುತ್ತವೆ. ಎರಡು ಡೋಸುಗಳ ನಡುವೆ 21 ದಿನ ಬಿಡುವುದು ಮಜ್ಜೆ ಸುಧಾರಿಸಿಕೊಳ್ಳಲಿ ಅಂತ. ಮುಂದಿನ ಡೋಸಿಗೆ ಮೊದಲು ರಕ್ತ ಪರೀಕ್ಷೆ ಮಾಡಿ ನ್ಯೂಟ್ರೊಫಿಲ್ 1500, ಪ್ಲೇಟ್‌ಲೆಟ್ ಒಂದು ಲಕ್ಷ ಇದೆಯೇ ಅಂತ ನೋಡುತ್ತಾರೆ. ಇಲ್ಲದಿದ್ದರೆ ಒಂದು ವಾರ ಮುಂದೂಡುತ್ತಾರೆ. ದೂರದಿಂದ ಬಂದವರಿಗೆ ಬೇಸರವೇ. ಆದರೆ ಕೌಂಟ್ ಇಲ್ಲದೆ ಕೊಟ್ಟರೆ ಪ್ರಾಣಕ್ಕೆ ಅಪಾಯ.

ಕೌಂಟ್ ಬಿದ್ದಿದ್ದರೆ ರೋಗಿಗೆ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಗುರುತಿಲ್ಲ. ಆ ಹೊತ್ತಲ್ಲಿ ಸೋಂಕು ತಗುಲಿದರೂ ಕೀವು, ಊತದಂಥ ಮಾಮೂಲಿ ಲಕ್ಷಣಗಳು ಕಾಣದೇ ಇರಬಹುದು, ಯಾಕೆಂದರೆ ಕೀವು ಆಗುವುದೇ ಆ ಬಿಳಿ ಕಣಗಳಿಂದ. ಉಳಿಯುವ ಸುಳಿವು ಜ್ವರ ಒಂದೇ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೂಡಲೇ ಆಸ್ಪತ್ರೆಗೆ. ಜ್ವರ ಇಲ್ಲದೆ ಚಳಿ ಬಂದು ನಡುಗಿದರೂ ಅಷ್ಟೇ. ಡೋಲೋ ನುಂಗಿ ಬೆಳಗಾಗಲಿ ನೋಡೋಣ ಅನ್ನುವುದು ನಮ್ಮೆಲ್ಲರ ಮನೆಯ ರೂಢಿ. ಇಲ್ಲಿ ಆ ರೂಢಿ ಪ್ರಾಣಕ್ಕೆ ಮುಳುವಾಗಬಹುದು. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಗಂಟೆಗಳ ಲೆಕ್ಕದಲ್ಲಿ ಬಿಪಿ ಕುಸಿಯಬಹುದು.

ಎಮರ್ಜೆನ್ಸಿಗೆ ಹೋದಾಗ ಮೊದಲ ಮಾತೇ ಹೀಗಿರಲಿ: 'ಇವರಿಗೆ ಕೀಮೋ ನಡೀತಾ ಇದೆ, ಕೊಟ್ಟು ಹತ್ತನೇ ದಿನ, ಈಗ ಜ್ವರ ಬಂದಿದೆ.' ಸುಮ್ಮನೆ ಜ್ವರ ಅಂದರೆ ಸಾಲಿನಲ್ಲಿ ಕೂರಿಸಿಬಿಡಬಹುದು. ಇಂಥವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಬೇಕು ಎಂಬುದು ವೈದ್ಯರು ಪಾಲಿಸುವ ಗುರಿ.

ಕೌಂಟ್ ಏರಿಸಲು ಕೆಲವರಿಗೆ ಕೀಮೋ ಮುಗಿದು 24 ಗಂಟೆಯಾದ ಮೇಲೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಿಂದಲೂ ಮೂಳೆ ನೋಯಬಹುದು. ವಾರಕ್ಕೊಮ್ಮೆ ಡೋಸ್ ತೆಗೆದುಕೊಳ್ಳುವವರಲ್ಲಿ ಕೌಂಟ್ ಸಾಮಾನ್ಯವಾಗಿ ಇಷ್ಟು ಕೆಳಗೆ ಬೀಳುವುದಿಲ್ಲ. ಜ್ವರದ ನಿಯಮ ಮಾತ್ರ ಅವರಿಗೂ ಒಂದೇ.

ಕೂದಲು

ಮೊದಲ ಡೋಸಿನ ಎರಡು ಮೂರು ವಾರಕ್ಕೆ ತಲೆದಿಂಬಿನ ಮೇಲೆ, ಸ್ನಾನದ ಮನೆಯಲ್ಲಿ ಕೂದಲು ಗೊಂಚಲಾಗಿ ಬರುತ್ತದೆ. ಹುಬ್ಬು, ರೆಪ್ಪೆ ಕೂಡ ಹೋಗಬಹುದು. ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ, ಮೊದಮೊದಲು ಬೇರೆ ಥರ ಇರಬಹುದು. ಪ್ರಾಣಕ್ಕೇನೂ ಅಪಾಯವಿಲ್ಲ ಅಂತ ಮನೆಯವರು ಇದನ್ನು ತಳ್ಳಿಹಾಕುವುದುಂಟು. ಕನ್ನಡಿ ನೋಡಿಕೊಳ್ಳುವವರಿಗೆ ಮಾತ್ರ ಗೊತ್ತು ಅದರ ಸಂಕಟ. ಉದುರುವ ಮೊದಲೇ ಚಿಕ್ಕದಾಗಿ ಕತ್ತರಿಸಿಕೊಂಡರೆ ಸ್ವಲ್ಪ ಹಗುರ ಅನ್ನುವವರು ಹಲವರು.

ಜೋಮು: ನಿಧಾನಕ್ಕೆ ಬರುತ್ತದೆ, ನಿಧಾನಕ್ಕೆ ಹೋಗುತ್ತದೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಂದು ಹೋಗುವಂಥದ್ದು. ನರದ ತೊಂದರೆ ಹಾಗಲ್ಲ. ಡೋಸ್ ಕೂಡುತ್ತಾ ಹೋದಂತೆ ಇದೂ ಕೂಡುತ್ತಾ ಹೋಗುತ್ತದೆ. ಮೊದಲು ಕಾಲ್ಬೆರಳಿನಲ್ಲಿ ಚುರುಚುರು, ಆಮೇಲೆ ಕಾಲುಚೀಲ, ಕೈಗವಸು ಹಾಕಿದಷ್ಟು ಜಾಗದಲ್ಲಿ ಜೋಮು. ಡಾಕ್ಟರು 'ಜೋಮು ಇದೆಯಾ?' ಅಂತ ಕೇಳಿದರೆ ಹಲವರು 'ಸ್ವಲ್ಪ' ಅಂದು ಮುಗಿಸುತ್ತಾರೆ. ಕೀಮೋ ನಿಲ್ಲಿಸಿಬಿಟ್ಟಾರು ಎಂಬ ಭಯ. ಆದರೆ 'ಸ್ವಲ್ಪ' ಅನ್ನುವುದರಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಕೆಲಸದ ಲೆಕ್ಕದಲ್ಲಿ ಹೇಳಿ. ರವಿಕೆಯ ಹುಕ್ ಹಾಕಲು ಆಗುತ್ತಿದೆಯೇ? ಪರ್ಸಿನಲ್ಲಿ ಎರಡು ರೂಪಾಯಿ, ಐದು ರೂಪಾಯಿ ನಾಣ್ಯ ಕೈಯಲ್ಲೇ ಗೊತ್ತಾಗುತ್ತದೆಯೇ? ಸೂಜಿಗೆ ದಾರ ಪೋಣಿಸಬಲ್ಲಿರಾ? ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯದೆ ಮುಂದೆ ಹೋಗಿದ್ದೀರಾ? ಇದನ್ನು ಕೇಳಿದರೆ ಡೋಸ್ ಇಳಿಸಬೇಕೇ, ತಡ ಮಾಡಬೇಕೇ, ಔಷಧಿ ಬದಲಿಸಬೇಕೇ ಅಂತ ಅವರು ತೀರ್ಮಾನಿಸಬಲ್ಲರು. ಬೇಗ ಹೇಳಿದರೆ ದಾರಿಗಳು ಹೆಚ್ಚು. ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಟ್ಟಲೆ ಹಿಡಿದು ಕಡಿಮೆಯಾಗುತ್ತದೆ, ಕೆಲವರಲ್ಲಿ ಪೂರ್ತಿ ಹೋಗುವುದೇ ಇಲ್ಲ. ಶುಗರ್‌ನಿಂದ ಮೊದಲೇ ನರ ಸೋತಿದ್ದರೆ ಇನ್ನೂ ಎಚ್ಚರ.

ಮನೆಯಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದ ನೋಡದೆ ಮೊಣಕೈಯಿಂದ ನೋಡಿ. ರಾತ್ರಿ ಮಲಗುವ ಮುಂಚೆ ಪಾದದ ಅಡಿಯಲ್ಲಿ ಗಾಯ ಇದೆಯೇ ಅಂತ ಮನೆಯವರು ಒಮ್ಮೆ ನೋಡಲಿ.

ಕಷಾಯ, ಬೇರೆ ಮಾತ್ರೆಗಳು, ಮನೆಯ ಮಂದಿ

ಕಾಯಿಲೆ ಅಂದ ಕೂಡಲೇ ಒಬ್ಬರು ಅಮೃತಬಳ್ಳಿ ಕಷಾಯ ಕೊಡುತ್ತಾರೆ, ಇನ್ನೊಬ್ಬರು ಯಾವುದೋ ಪುಡಿ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಪ್ಯಾಕ್ಲಿಟ್ಯಾಕ್ಸೆಲ್ ಹೊರಹೋಗಬೇಕಾದ್ದು ಅದೇ ಲಿವರ್‌ನಿಂದ ಅಲ್ವಾ? ಡಾಕ್ಟರಿಗೆ ತಿಳಿಸದೆ ಏನನ್ನೂ ಕುಡಿಯಬೇಡಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಈ ಔಷಧಿಯನ್ನು ಬೇಗ ಹೊರದೂಡಬಲ್ಲವು. ಕೆಲವು ಫಂಗಸ್ ಮಾತ್ರೆಗಳು ಅದು ಹೊರಹೋಗಲು ಅಡ್ಡಿ ಮಾಡುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದೇ ಸುಲಭ. ಮಗು ಆಗುವ ವಯಸ್ಸಿನವರು ಗರ್ಭನಿರೋಧಕದ ಬಗ್ಗೆ, ಮುಂದೆ ಮಗು ಬೇಕೆನ್ನುವವರು ಅದರ ಬಗ್ಗೆ, ಮೊದಲ ಡೋಸಿಗೆ ಮುಂಚೆಯೇ ಕೇಳಬೇಕು.

ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬಹುದೇ? ಧಾರಾಳವಾಗಿ. ಮುಟ್ಟುವುದರಿಂದ, ಅಪ್ಪಿಕೊಳ್ಳುವುದರಿಂದ, ಒಟ್ಟಿಗೆ ಊಟ ಮಾಡುವುದರಿಂದ ಅವರಿಗೆ ಏನೂ ಆಗುವುದಿಲ್ಲ. ಮಗುವಿಗೆ ನೆಗಡಿ, ಜ್ವರ ಇದ್ದರೆ ಮಾತ್ರ ದೂರ, ಅದು ರೋಗಿಯ ಒಳ್ಳೆಯದಕ್ಕೆ. ಔಷಧಿಯ ಸ್ವಲ್ಪ ಭಾಗ ಮಲಮೂತ್ರದಲ್ಲಿ ಹೋಗುವುದರಿಂದ ಮೊದಲ 48 ಗಂಟೆ ಟಾಯ್ಲೆಟ್‌ಗೆ ಎರಡು ಸಲ ನೀರು ಹಾಕಬೇಕು. ವಾಂತಿ, ಮೂತ್ರದ ಬಟ್ಟೆಗಳನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಬೇಕು.

ಆಸ್ಪತ್ರೆಯಿಂದ ಊರಿಗೆ ಹೊರಡುವ ಮುನ್ನ

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ ಐದು ನಿಮಿಷ ನಿಂತು ನೋಡಿ. ಅದರಲ್ಲಿ ಔಷಧಿಯ ಹೆಸರು, ಡೋಸ್, ಕೊಟ್ಟ ದಿನಾಂಕ, ಎಷ್ಟನೇ ಸೈಕಲ್ (ಎಷ್ಟನೇ ಸುತ್ತಿನ ಕೀಮೋ) ಎಂಬುದು ಇರಬೇಕು. ಮುಂದಿನ ರಕ್ತ ಪರೀಕ್ಷೆ ಯಾವತ್ತು, ಅದನ್ನು ಊರಲ್ಲೇ ಮಾಡಿಸಿ ರಿಪೋರ್ಟ್ ತರಬಹುದೇ ಅಂತ ಕೇಳಿ. ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಊರ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಅಲ್ಲೇ ಕೇಳಿ, ಚೀಟಿಯ ಹಿಂದೆ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಿದೆ. ಆ ಕಾರ್ಡನ್ನೂ ಆಧಾರನ್ನೂ ಇದೇ ಫೈಲಿನಲ್ಲಿಡಿ. ಚೀಟಿಯ ಎರಡೂ ಕಡೆ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಫೈಲ್ ಎಲ್ಲಿಟ್ಟಿದ್ದೇವೆ ಅಂತ ಅವಸರದಲ್ಲಿ ಹುಡುಕುವುದು ತಪ್ಪುತ್ತದೆ.